ಮುಖ ನೋಡುವ ತನಕ

2024ರ ಫೆಬ್ರವರಿ 13, ಮಂಗಳವಾರ, ಸಂಜೆ 4 ಗಂಟೆ 10 ನಿಮಿಷ. ಸಿರುಗುಪ್ಪದ ಸ್ಮಶಾನದಲ್ಲಿ ಚಿತೆ ಜೋಡಿಸುವ ಎರ್ರಣ್ಣ ಜಾಲಿಯ ಕೊನೆಯ ತುಂಡನ್ನು ಎತ್ತಿಡುತ್ತಿದ್ದ. ಪಕ್ಕದ ಚಟ್ಟದ ಮೇಲೆ ವಿರೂಪಾಕ್ಷಿಯ ಹೆಣವಿತ್ತು. ವಯಸ್ಸು ನಲವತ್ತೊಂದು.

“ಕಂಪ್ಯೂಟರಿನ್ಯಾಗ ಬೆಂಕಿ ಹಚ್ಚತಿದ್ನಂತಲ್ಲ,” ಎಂದ ಎರ್ರಣ್ಣ. “ಅದಕ್ಕ ಕಟ್ಟಿಗಿ ಎಷ್ಟು ಹಿಡೀತಿತ್ತು?”

“ಕಟ್ಟಿಗಿ ಎಲ್ಲೀದು, ಕರೆಂಟ್ ಹಿಡೀತಿತ್ತು,” ಎಂದ ಸತ್ತವನ ತಮ್ಮ ಕರಿಬಸವ. “ಮನ್ಯಾಗ ಒಲಿ ಹಚ್ಚು ಅಂದ್ರ ಹತ್ತು ಕಡ್ಡಿ ಗೀರತಿದ್ದ ನಮ್ಮಣ್ಣ.”

ಇಬ್ಬರು ಮೂವರು ನಕ್ಕರು. ವಿರೂಪಾಕ್ಷಿಯ ಹೆಂಡತಿ ಮೀನಾಕ್ಷಿ ನಗಲಿಲ್ಲ. ಅವಳು ಸೂರ್ಯನನ್ನು ನೋಡುತ್ತಿದ್ದಳು.

“ನಿಮ್ಮ ಸಾಹೇಬ್ರು ಎಲ್ಲಿ ಅದಾರಂತ, ಹಂಪೇಶಪ್ಪ?” ಎಂದು ಕೇಳಿದಳು.

ಧಾರಾವಾಹಿಗಳಿಗೆ ಕಂಪ್ಯೂಟರಿನಲ್ಲಿ ದೃಶ್ಯ ತಯಾರಿಸುವ ಬಳ್ಳಾರಿಯ ಗಾಂಧಿನಗರದ ಸ್ಟುಡಿಯೋದಲ್ಲಿ ಹಂಪೇಶ್ ಐದು ವರ್ಷ ವಿರೂಪಾಕ್ಷಿಯ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದ್ದ. ಸ್ಟುಡಿಯೋದ ಮಾಲೀಕ ಕೊಟ್ಟೂರಪ್ಪ ಮಧ್ಯಾಹ್ನ ತಾನೇ ಫೋನು ಮಾಡಿ, ‘ನಾ ಬಂದು ಮುಖ ನೋಡೋ ತನಕ ಬೆಂಕಿ ಇಡಬ್ಯಾಡ್ರಿ’ ಎಂದಿದ್ದ. ಮುಖ ನೋಡಲು ಬರುತ್ತೇನೆಂದವರನ್ನು ಬಿಟ್ಟು ಕೊಳ್ಳಿ ಇಡುವ ಪದ್ಧತಿ ಆ ಮನೆತನದಲ್ಲಿರಲಿಲ್ಲ.

“ಕುರುಗೋಡಿನ್ಯಾಗ ಅದಾರಂತಕ್ಕ.”

ಅದು ನಿಜವೇ ಆಗಿತ್ತು. ಎರಡು ಗಂಟೆಯಿಂದ ಕೊಟ್ಟೂರಪ್ಪ ದಾರಿಯ ನಡುವಿನ ಕುರುಗೋಡಿನ ಒಂದು ಹೋಟೆಲಿನಲ್ಲಿ ಕೂತಿದ್ದ. ಯಾಕೆ ಕೂತಿದ್ದಾನೆಂಬುದು ಹಂಪೇಶನಿಗೆ ಮಾತ್ರ ಗೊತ್ತಿತ್ತು.

“ಹೊತ್ತು ಮುಳುಗೂದ್ರೊಳಗ ಆಗಬೇಕಪ್ಪ. ನಮ್ಮ ಮಾವನ್ನ ಕತ್ತಲಾಗ ಸುಟ್ರು. ನನ್ನ ಹಿಂಗ ಕತ್ತಲಾಗ ಕಳಸಬ್ಯಾಡ ಅಂತ ಅವತ್ತು ಇವರು ನನ್ನ ಕೈ ಹಿಡಿದು ಹೇಳಿದ್ರು. ನಾ ಹೂಂ ಅಂದೀನಿ,” ಎಂದಳು ಮೀನಾಕ್ಷಿ.

*

ಜನವರಿಯಲ್ಲಿ ಒಂದು ಧಾರಾವಾಹಿಯ ಚಿತೆಯ ದೃಶ್ಯ ಸ್ಟುಡಿಯೋಕ್ಕೆ ಬಂದಿತ್ತು. ವಿರೂಪಾಕ್ಷಿ ಮಾಡಿದ ಬೆಂಕಿ ಧಾರಾವಾಹಿಯವರಿಗೆ ಒಪ್ಪದೆ ಏಳು ಸಲ ವಾಪಸಾಯಿತು.

“ಏನಲೇ ಇದು, ಬೆಂಕಿನೋ ಕಿತ್ತಳಿ ಶರಬತ್ತೋ?” ಕುರ್ಚಿಯ ಹಿಂದೆ ನಿಂತು ಕೊಟ್ಟೂರಪ್ಪ ಕೇಳಿದ.

ಆಮೇಲೆ ವಿರೂಪಾಕ್ಷಿ ಹಂಪೇಶನಿಗೆ ಹೇಳಿದ: “ಉರಿಗೆ ನಾವು ಬಣ್ಣ ಬಳಿಯಾಕ ಹೋಗಬಾರ್ದಲೇ. ಬಿಸಿ ಎಷ್ಟು ಕೆಲ್ವಿನ್ ಅಂತ ಅಂಕಿ ಕೊಡಬೇಕು. ಬಣ್ಣ ತಾನ ಬರ್ತೈತಿ. ಆ ಅಂಕಿ ನನಗ ಸಿಗವಲ್ದು.”

ಅಂಕಿ ಹುಡುಕಿಕೊಂಡು ಒಂದು ಭಾನುವಾರ ಹಚ್ಚೊಳ್ಳಿಗೆ ಹೋಗಿ, ಗದ್ದೆಯಲ್ಲಿ ಭತ್ತದ ಹುಲ್ಲು ಸುಟ್ಟು ವಿಡಿಯೋ ತೆಗೆದ. ನಡುಹಗಲು. ಬಿಸಿಲಿನಲ್ಲಿ ಉರಿ ಅಳಿಸಿಹೋಗಿ ಬರೀ ಹೊಗೆಯೂ ನಡುಗುವ ಗಾಳಿಯೂ ದಾಖಲಾಗಿದ್ದವು.

“ಹಗಲಿನ್ಯಾಗ ಬೆಂಕಿ ಕಾಣಂಗಿಲ್ಲ,” ಎಂದು ಸೋಮವಾರ ನಗುತ್ತ ಹೇಳಿದ. “ಹೊತ್ತು ಮುಳುಗಿದ ಮ್ಯಾಲೆ ತೆಗೀಬೇಕಿತ್ತು.”

ಬಾಗಿಲಲ್ಲಿ ನಿಂತಿದ್ದ ಕೊಟ್ಟೂರಪ್ಪ ಅದನ್ನು ಕೇಳಿಸಿಕೊಂಡಿದ್ದ.

*

ಈ ದಿನ ಬೆಳಿಗ್ಗೆ ಆರಕ್ಕೆ ಹಂಪೇಶ್ ಸ್ಟುಡಿಯೋದ ಬಾಗಿಲು ತೆರೆದಾಗ, ರಾತ್ರಿ ಕೆಲಸಕ್ಕೆ ಉಳಿದಿದ್ದ ವಿರೂಪಾಕ್ಷಿ ಮೇಜಿಗೆ ತಲೆಯಿಟ್ಟು ಕೂತಿದ್ದ. ಕೈ ತಣ್ಣಗಿತ್ತು, ಬೆರಳು ಸೆಟೆದಿದ್ದವು. ಎದುರಿನ ಪರದೆಯಲ್ಲಿ ಎಂಟನೆಯ ಸಲದ ಬೆಂಕಿ ಒಂದೊಂದೇ ಚಿತ್ರವಾಗಿ ತಯಾರಾಗುತ್ತಿತ್ತು. 240ರಲ್ಲಿ 212 ಮುಗಿದಿದ್ದವು.

ಹಂಪೇಶ್ ಕೊಟ್ಟೂರಪ್ಪನಿಗೆ ಫೋನು ಮಾಡಿದ. ಅವನು, “ಕಂಪ್ಯೂಟರ್ ಬಂದ್ ಮಾಡಬ್ಯಾಡ. ಅದು ಮುಗೀಲಿ, ಆಮ್ಯಾಲೆ ಮಂದಿನ್ನ ಕರಿ,” ಎಂದ.

ಒಂದು ಚಿತ್ರಕ್ಕೆ ಮೂರು ನಿಮಿಷ. ಹಂಪೇಶ್ ಹೆಣದ ಪಕ್ಕ ಎಂಬತ್ನಾಲ್ಕು ನಿಮಿಷ ಕೂತ. ಹನ್ನೆರಡು ಗಂಟೆಯ ಹೊತ್ತಿಗೆ ಆ ಬೆಂಕಿಯೂ ವಾಪಸು ಬಂತು. ಕೊಟ್ಟೂರಪ್ಪ ಸಿರುಗುಪ್ಪಕ್ಕೆ ಫೋನು ಮಾಡಿದ್ದು ಅದರ ನಂತರ.

*

ಆರು ಗಂಟೆಗೆ ಹಂಪೇಶನಿಗೆ ಕರೆ ಬಂತು. ಕೊಟ್ಟೂರಪ್ಪನ ಕಾರು ಈಗ ಸಿರುಗುಪ್ಪದ ಹೊರಗಿನ ಪೆಟ್ರೋಲ್ ಬಂಕಿನಲ್ಲಿತ್ತು.

“ಕ್ಯಾಮೆರಾ ಇಟ್ಟೀಯೇನಲೇ?”

“ಇಟ್ಟೀನಿ ಸರ. ಹೊತ್ತು ಮುಳುಗಾಕ ಇನ್ನ ಇಪ್ಪತ್ತು ನಿಮಿಷ ಐತಿ.”

“ತಡಕೋ. ಇದನ್ನ ಸರಿ ತಗದ್ರ ನಾಳಿಂದ ಅವನ ಕುರ್ಚಿ ನಿಂದು.”

ಕರಿಬಸವ ಕೊಳ್ಳಿ ಹಿಡಿದು ಎದ್ದಿದ್ದ. “ಇನ್ನ ಯಾರಿಗೂ ಕಾಯೂದು ಬ್ಯಾಡ. ಇಡ್ತೀನಿ.”

ಮೀನಾಕ್ಷಿ ಹಂಪೇಶನ ಹತ್ತಿರ ಬಂದಳು. “ನೀ ಅವರ ಜತಿಗೆ ಇದ್ದಾವ. ನೀ ಹೇಳಿದಂಗ ಮಾಡ್ತೀವಿ. ಬರೂದು ತಡ ಆಗ್ತೈತಿ ಅಂದ್ರ ಹೇಳಿಬಿಡು. ಈಗ ಇಡ್ತೀವಿ.”

ಸೂರ್ಯ ಗದ್ದೆಗಳ ಮೇಲೆ ಗೇಣುದ್ದ ಉಳಿದಿದ್ದ. ಚಿತೆಯ ತುದಿಯಲ್ಲಿ ಇನ್ನೂ ಬಿಸಿಲಿತ್ತು.

“ಬಂದ್ರಕ್ಕ,” ಎಂದ ಹಂಪೇಶ್. “ಇಲ್ಲೇ ಅದಾರ. ಐದು ನಿಮಿಷ.”

ಅವಳು ಕರಿಬಸವನ ಕೈಯಿಂದ ಕೊಳ್ಳಿಯನ್ನು ಕೆಳಗಿಡಿಸಿದಳು.

ಕಾರು ಬಂದಾಗ 6 ಗಂಟೆ 41 ನಿಮಿಷ. ಕೊಟ್ಟೂರಪ್ಪ ಚಪ್ಪಲಿ ಬಿಟ್ಟು ಬಂದು, ಹಾರ ಹಾಕಿ, ಮುಖ ನೋಡಿದ. ಆಕಾಶವನ್ನೂ ನೋಡಿದ. “ಸುರು ಮಾಡ್ರಿ,” ಎಂದ.

ಹೆಣವನ್ನು ಚಿತೆಗೆ ಏರಿಸುವ ಮುಂಚೆ ಮೀನಾಕ್ಷಿ ಗಂಡನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಯಾರಿಗೂ ಕೇಳಲಿಲ್ಲ.

ಉರಿ ಎದ್ದಿತು. ಕತ್ತಲಿನಲ್ಲಿ ಅದರ ಪ್ರತಿ ನಾಲಗೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು.

“ವಿಡಿಯೋ ಬ್ಯಾರೆ ತಗಸಾಕತ್ತಾರ,” ಎಂದ ಎರ್ರಣ್ಣ. “ಧಣ್ಯಾರ ಮನಸು ದೊಡ್ಡದು.”

ಮೀನಾಕ್ಷಿ ಮುಂದೆ ನಡೆದು ಕ್ಯಾಮೆರಾಕ್ಕೂ ಚಿತೆಗೂ ನಡುವೆ ನಿಂತಳು.

“ಆಕಿನ್ನ ಸರಸು,” ಎಂದ ಕೊಟ್ಟೂರಪ್ಪ, ಮೆಲ್ಲಗೆ.

ಹಂಪೇಶ್ ಹೋಗಿ ಅವಳ ಮೊಳಕೈ ಹಿಡಿದ. “ಹೊಗಿ ಬರ್ತೈತಿ ಅಕ್ಕ. ಇತ್ಲಾಗ ಬರ್ರಿ.”

“ನೀ ಒಬ್ಬಾವ ಇದ್ದೆಪ್ಪ ನಮಗ,” ಎನ್ನುತ್ತ ಅವಳು ಸರಿದಳು.

ಹಂಪೇಶ್ ಮರಳಿ ಬಂದು, ಬೆಳಕಿನ ಬಣ್ಣ ಅಳೆಯುವ ಮೀಟರನ್ನು ಉರಿಯತ್ತ ಹಿಡಿದ. ಅಂಕಿ ಮೂರು ಸಲ ಅಲುಗಾಡಿ ನಿಂತಿತು: 1,860 ಕೆಲ್ವಿನ್.