ಎರಡು ಹನಿ

ನರ್ಸ್ ಸಣ್ಣ ಬಾಟಲಿಯನ್ನು ಬಾಯಿಯ ಹತ್ತಿರ ತಂದದ್ದೇ ತಡ, ಜಾಹೇದಾ ತುಟಿ ಬಿಗಿದು ಮುಖ ತಿರುಗಿಸಿದಳು.

ಜತ್ತದ ಶಾದಿಮಹಲಿನಲ್ಲಿ ಅಂದು ಹಜ್ ಯಾತ್ರೆಗೆ ಹೊರಟವರಿಗೆ ಲಸಿಕೆ ಹಾಕುತ್ತಿದ್ದರು. ಇಲ್ಲಿ ಪೋಲಿಯೋದ ಎರಡು ಹನಿ, ಪಕ್ಕದ ಸಾಲಿನಲ್ಲಿ ಮೆದುಳು ಜ್ವರದ ಸೂಜಿ. ಎರಡೂ ಆಗದೆ ವಿಮಾನ ಹತ್ತುವಂತಿಲ್ಲ. ಈ ವಯಸ್ಸಿನಲ್ಲಿ ಕೂಸುಗಳ ಔಷಧವೇ ಎಂದು ಹಿಂದಿನ ಹೆಂಗಸರು ನಗುತ್ತಿದ್ದರು. ಗಂಡ ಬಾದಶಹಾ ಗಂಡಸರ ಕಡೆ ಇದ್ದ. ಕಾಗದಪತ್ರದ ಚೀಲ ಹಿಡಿದು ಪಕ್ಕದಲ್ಲಿ ನಿಂತವಳು ಮಗಳು ನಾಹಿದ. ಅವರ ಊರು ಬೆಳುಂಕಿಯಲ್ಲಿ ಅವಳಷ್ಟು ಚೆಂದ ಜಂಪರು ಹೊಲಿಯುವವರಿಲ್ಲ. ಆದರೆ ಮಷೀನು ತುಳಿಯುವುದು ಬಲಗಾಲೊಂದೇ. ಪೋಲಿಯೋ ಆದಾಗಿನಿಂದ ಎಡಗಾಲಿನಲ್ಲಿ ಬಲವಿಲ್ಲ.

ಹಜ್‌ಗೆ ಹೋಗುವವರು ಎಲ್ಲರ ಕ್ಷಮೆ ಕೇಳಿಯೇ ಹೊರಡಬೇಕು. ಎಂಟು ದಿನ ಜಾಹೇದಾ ಮನೆಮನೆ ತಿರುಗಿದ್ದಳು. ಕೋಳಿಯ ಸಲುವಾಗಿ ಮಾತು ಬಿಟ್ಟಿದ್ದ ಸಿದ್ದವ್ವನ ಮನೆಗೂ ಹೋದಳು. ಆ ಕೋಳಿ ಸತ್ತೇ ಹತ್ತು ವರ್ಷವಾಯಿತೆಂದು ಸಿದ್ದವ್ವ ನಕ್ಕು ಚಹಾ ಕೊಟ್ಟಳು. ಊರಿಗೆಲ್ಲ ಕೈಮುಗಿಯುವುದು ಸುಲಭ. ಒಂದೇ ಸೂರಿನ ಕೆಳಗಿರುವ ಮಗಳೆದುರು ಮಾತ್ರ ನಾಲಿಗೆ ಏಳಲಿಲ್ಲ.

"ಬಾಯಿ ತಗಿ ಅಮ್ಮಿ, ಹಿಂದ ಮಂದಿ ಐತಿ" ಎಂದಳು ನಾಹಿದ.

ಜಾಹೇದಾ ಅವಳ ಕೈ ಹಿಡಿದಳು. "ನಿನಗ ಇದನ್ನ ಹಾಕ್ಸಿರಲಿಲ್ಲ ನಾ."

"ಹಾಕ್ಸಿದ್ರೂ ಬಂತು ಅಂತಿದ್ದೆಲ್ಲ?"

"ಸುಳ್ಳ ಹೇಳೀನಿ."

ಎಲ್ಲವನ್ನೂ ಹೇಳಿದಳು. ನಾಹಿದಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಹನಿ ಹಾಕುವ ಭಾನುವಾರವೇ ಸನಮಡಿಯಲ್ಲಿ ತಂಗಿಯ ಮದುವೆ. ಬಸ್ಸು ತಪ್ಪೀತೆಂದು ಬೂತಿಗೆ ಹೋಗಲಿಲ್ಲ. ಎರಡು ದಿನ ಬಿಟ್ಟು ನರ್ಸ್ ಮನೆಗೆ ಬಂದಾಗ, ಬೈದಾಳೆಂಬ ಅಂಜಿಕೆಗೆ ಕೂಸಿನ ಕಿರುಬೆರಳ ಉಗುರಿಗೆ ತಾನೇ ಪೆನ್ನಿನ ಮಸಿ ಹಚ್ಚಿ, ಹನಿ ಹಾಕಿಸಿದ ಗುರುತೆಂದು ತೋರಿಸಿದಳು. ಮುಂದಿನ ಸಲ ಮದುವೆಯೂ ಇರಲಿಲ್ಲ, ಬರೀ ಬೇಸರ. ಮತ್ತೆ ಅದೇ ಮಸಿ. ಆ ಮಳೆಗಾಲದಲ್ಲೇ ಕೂಸಿಗೆ ಜ್ವರ ಬಂತು.

"ನಿಮ್ಮಪ್ಪಗೂ ಗೊತ್ತಿಲ್ಲ. ಮಾಫ್ ಮಾಡು ಅನ್ನಾಕ ನನಗ ಮಾರಿ ಇಲ್ಲ."

ನಾಹಿದ ಕೈ ಬಿಡಿಸಿಕೊಂಡಳು. ನರ್ಸ್ ಪಾಪ, ಬರ್ಫದ ಡಬ್ಬಿಯೊಳಗೆ ಏನೋ ಹುಡುಕುವವಳಂತೆ ತಲೆ ಬಗ್ಗಿಸಿದ್ದವಳು, ಕೊನೆಗೆ ಮೆಲ್ಲಗೆ, "ಬಾಯಿ ತಗೀರಿ" ಎಂದಳು. ಜಾಹೇದಾ ತೆರೆದಳು. ಎರಡು ಹನಿ ಬಿದ್ದವು. ನರ್ಸ್ ಆಗಲೇ ಕಾರ್ಡಿಗೆ ಶಿಕ್ಕಾ ಹೊಡೆಯುತ್ತಿದ್ದಳು.

"ಮುಗೀತೇನ್ರಿ?" ನಾಹಿದ ನರ್ಸಿಗೆ ಕೇಳಿದಳು.

"ಮುಗೀತವ್ವ."

"ಬರೇ ಇಷ್ಟ ಹೊತ್ತಿನ ಕೆಲಸೇನು ಅದು?"

ಜಾಹೇದಾಳಿಗೆ ಅಲ್ಲೇ ನೆಲದೊಳಗೆ ಇಳಿದುಹೋಗಬೇಕೆನಿಸಿತು. ತಾಯಿಯ ಕಡೆ ನೋಡದೆ ನಾಹಿದ ಕಾರ್ಡು ಎತ್ತಿಕೊಂಡು ನಡೆದಳು. ಬಾಗಿಲಿನ ಕಡೆಗಲ್ಲ, ಸೂಜಿಯ ಸಾಲಿನ ತುದಿಗೆ. ಸಾಲು ಉದ್ದವಿತ್ತು, ಕುರ್ಚಿಗಳಿರಲಿಲ್ಲ. ಒಂದು ಕೈ ಗೋಡೆಗೆ ಕೊಟ್ಟು ತಾಯಿಯ ಪಾಳಿ ಹಿಡಿದು ನಿಂತಳು. ಸಾಲು ಒಂದು ಹೆಜ್ಜೆ ಸರಿದಾಗ ಅವಳೂ ಒಂದು ಹೆಜ್ಜೆ ಸರಿದಳು.