ತೇಗು ಬಂತಾ?

ಆ ಹೊಲಿಗೆ ಅಂಗಡಿಯಲ್ಲಿ ಎದೆನೋವು ಅಂದರೆ ಗ್ಯಾಸು, ಅಷ್ಟೇ. ಬೇರೆ ಕಾಯಿಲೆ ಅಲ್ಲಿ ಯಾರಿಗೂ ಬರುವಂತಿರಲಿಲ್ಲ! ಎದೆ ಹಿಡಿದುಕೊಂಡವನಿಗೆ ಒಂದು ಸೋಡಾ ಕುಡಿಸುವುದು, ಸುತ್ತ ನಿಂತು ಕಾಯುವುದು, ಡರ್ರನೆ ತೇಗು ಬಂದರೆ ಹೋಯ್ತು ಬಿಡು ಎಂದು ಮಿಷನ್ನಿಗೆ ಮರಳುವುದು. ಇಡೀ ಬೀದಿಯ ವೈದ್ಯಶಾಸ್ತ್ರ ಇಷ್ಟೇ.

ಮೂಲೆಯಲ್ಲಿ ಕೂತು ಗುಂಡಿ ಹಾಕುವ ಅತ್ತಿಗೆಗೆ ಮಾತ್ರ ತೇಗು ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು. ಹೋದ ವರ್ಷ ಅವಳ ಗಂಡ ಇಲ್ಲೇ ಸೋಡಾ ಕುಡಿದು, ತೇಗಿ, ಎಲ್ಲರನ್ನೂ ನಗಿಸಿ, ಅರ್ಧ ಹೊಲಿದ ಪ್ಯಾಂಟಿನ ಮೇಲೆ ತಲೆಯಿಟ್ಟವನು ಮತ್ತೆ ಏಳಲಿಲ್ಲ. ಆಮೇಲೆ ಆಸ್ಪತ್ರೆಯ ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು: ರಕ್ತನಾಳದ ಒಳಗೆ ಕೊಬ್ಬು ಮೆತ್ತಿಕೊಂಡು ದಾರಿ ಕಿರಿದಾಗುತ್ತದೆ, ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ, ಕೂತಲ್ಲೇ ಕೂತು ಮಾಡುವ ಕೆಲಸ ಎಲ್ಲ ಸೇರಿ ಅದನ್ನು ಬೆಳೆಸುತ್ತವೆ, ಅಣ್ಣನಿಗೆ ಸಣ್ಣ ವಯಸ್ಸಿಗೇ ಬಂದಿದೆಯೆಂದರೆ ತಮ್ಮನನ್ನೂ ತೋರಿಸಿ. ಅಂದಿನಿಂದ ಬೀದಿಯ ಗಂಡಸರೆಲ್ಲ ಅವಳಿಗೆ ಬೇರೆಯೇ ಥರ ಕಾಣತೊಡಗಿದರು. ಹೊಟ್ಟೆ ಮುಂದೆ ಬಂದ ಇಸ್ತ್ರಿಯವನು, ಹೊಗೆ ಬಿಡುತ್ತಲೇ ಗುಂಡಿಯ ಕಾಜಾ ಹೊಲಿಯುವ ಮುದುಕ, ಯಾರನ್ನು ನೋಡಿದರೂ ಭಯ.

ಅದರಲ್ಲೂ ಮೈದುನ. ಅದೇ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಅವನಿಗೆ ಕತ್ತರಿ ಎಂದೇ ಅಡ್ಡಹೆಸರು. ನಾಲಿಗೆಯೂ ಹಾಗೇ ಇತ್ತೆನ್ನಿ. ಸಿಗರೇಟು ಕಿವಿಯ ಹಿಂದೆ ಸದಾ ತಯಾರು, ಬಿಪಿ ಮಾತ್ರೆ ನಾಲ್ಕು ದಿನ ನುಂಗಿ ಕೈಬಿಟ್ಟಿದ್ದ. ತೋರಿಸಿಕೊಂಡು ಬರೋಣ ಬಾ ಎಂದು ಅವಳು ಗೋಗರೆದರೆ, ಡಾಕ್ಟರು ಇಲ್ಲದ ಕಾಯಿಲೆಯನ್ನೂ ಅಳತೆ ತೆಗೆದು ಹೊಲಿದು ಕೊಡುತ್ತಾರೆ ಎಂದು ನಗೆಯಾಡುತ್ತಿದ್ದ.

ಆ ಮಧ್ಯಾಹ್ನ ಬಟ್ಟೆಯ ಥಾನು ಹೊತ್ತು ಮೆಟ್ಟಿಲು ಹತ್ತಿ ಬಂದವನು ಮೇಜು ಹಿಡಿದು ನಿಂತುಬಿಟ್ಟ. ಮುಖ ಬಿಳಿಚಿಕೊಂಡಿತ್ತು, ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು. ಯಾರೋ ಕುರ್ಚಿ ಕೊಟ್ಟರು, ಯಾರೋ ಸೋಡಾ ತಂದರು. ಎಲ್ಲರೂ ಸುತ್ತ ನಿಂತು ಕಾದರು. ಸೂಜಿ ಬೆರಳಿಗೆ ಚುಚ್ಚಿದ್ದು ಅವಳಿಗೆ ತಿಳಿಯಲೇ ಇಲ್ಲ. ಕತ್ತರಿ ಕುಡಿದ, ತೇಗಿದ. ಅದೂ ಎಂಥ ತೇಗು! ಅಂಗಡಿಗೆ ಅಂಗಡಿಯೇ ನಕ್ಕಿತು. ಮಿಷನ್ನುಗಳು ಮತ್ತೆ ಶುರುವಾದವು.

ಅವಳು ಎದ್ದು ಹೋಗಿ ಅವನ ಕೈ ಹಿಡಿದಳು. ತಣ್ಣಗೆ ಕೊರೆಯುತ್ತಿತ್ತು.

"ನಿಮ್ಮಣ್ಣನಿಗೂ ತೇಗು ಬಂದಿತ್ತು ಕಣೋ."

ಅವನೇನಾದರೂ ತಮಾಷೆ ಮಾಡಿಯಾನೆಂದು ಕಾದಳು. ಮಾಡಲಿಲ್ಲ.

"ಇದು ಬಂದಿದ್ದಲ್ಲ ಅತ್ತಿಗೆ, ನಾನೇ ಬರಿಸಿಕೊಂಡಿದ್ದು" ಎಂದ ಮೆಲ್ಲಗೆ. "ಇವರೆಲ್ಲ ಸುತ್ತ ನಿಂತು ನೋಡ್ತಿದ್ರೆ ಭಯ ಆಗುತ್ತೆ, ತೇಗಿಬಿಟ್ರೆ ಹೋಗ್ತಾರೆ. ಅಣ್ಣನೂ ಹಾಗೇ ಮಾಡ್ತಿದ್ದ. ನನಗೆ ಹೇಳಿಕೊಟ್ಟಿದ್ದೇ ಅವನು."

ಅಂದು ಗಂಡನ ತೇಗು ಕೇಳಿ ಅವಳೂ ನಕ್ಕು, ಸೂಜಿಗೆ ದಾರ ಪೋಣಿಸುತ್ತ ಕೂತಿದ್ದಳಲ್ಲ! ಆದರೆ ಅಳುವುದಕ್ಕೆ ಈಗ ಹೊತ್ತಿರಲಿಲ್ಲ. ಅವನ ಕೊರಳಲ್ಲಿದ್ದ ಅಳತೆ ಟೇಪು ತೆಗೆದು ಮೇಜಿನ ಮೇಲಿಟ್ಟು, ಗಾಡಿ ಕರೆಯಿರಿ ಎಂದು ಅಂಗಡಿ ಅದುರುವಂತೆ ಕೂಗಿದಳು. ಮಿಷನ್ನುಗಳು ನಿಂತವು. ಅವನನ್ನು ಕುರ್ಚಿ ಸಮೇತ ಎತ್ತಿ ಮೆಟ್ಟಿಲಿಳಿಸಿದರು.

ಆಸ್ಪತ್ರೆಯ ದಾರಿಯುದ್ದಕ್ಕೂ ಅವಳು ಅವನ ಕೈ ಬಿಡಲಿಲ್ಲ.

"ನೋವು ಕಡಿಮೆ ಆಗಿಲ್ಲ ಅತ್ತಿಗೆ" ಎಂದ.

"ಹೇಳ್ತಾನೇ ಇರು" ಎಂದಳು ಅವಳು. "ಸುಮ್ಮನಾಗಬೇಡ."