ನಲವತ್ತೆರಡು ಕಿವಿಯೋಲೆ

ನಲವತ್ತೆರಡನೇ ಹಸುವಿನ ಬಾಯಿ ತೊಳೆದು ಮುಗಿಸುವ ಹೊತ್ತಿಗೆ ಲಿಂಗಮ್ಮನ ಬೆರಳುಗಳು ಅಡುಗೆ ಸೋಡಾದ ನೀರಿನಲ್ಲಿ ನೆನೆದು ಸುಕ್ಕಾಗಿದ್ದವು. ಕಾಲುಬಾಯಿ ಜ್ವರ. ನಾಲಿಗೆಯ ಚರ್ಮ ಸುಲಿದು ಕೈಗೇ ಬರುತ್ತಿತ್ತು. ಗೊರಸಿನ ಸಂದಿಯಲ್ಲಿ ಹುಳ. ಹುಲ್ಲು ಮುಟ್ಟದ ದನಗಳಿಗೆ ರಾಗಿ ಅಂಬಲಿ ಕುಡಿಸುವ ಗಡಿಬಿಡಿಯಲ್ಲಿ ಅವಳು ತನ್ನ ಹೊಟ್ಟೆಯನ್ನೇ ಮರೆತಿದ್ದಳು. ಹೊರಗೆ ಮರಕ್ಕೆ ಕಟ್ಟಿದ್ದ ಅವಳ ಸ್ವಂತದ ಒಂದೇ ಒಂದು ಹಸು ಗೌರಿ ಮಾತ್ರ ಆರಾಮಾಗಿ ಮೆಲುಕು ಹಾಕುತ್ತಿತ್ತು.

ದನಗಳು ಷಡಕ್ಷರಪ್ಪನವರವು. ಅವರು ಇರುವುದು ಶಿವಮೊಗ್ಗದ ಗೋಪಾಳದಲ್ಲಿ, ದನ ಇರುವುದು ಸಕ್ರೆಬೈಲಿನ ದಾರಿಯ ಕಾಡಂಚಿನಲ್ಲಿ. ಭದ್ರಾವತಿಯಲ್ಲಿ ಕಾರ್ಖಾನೆ ನಿಂತು, ಗಂಡನ ಕೂಲಿ ನಿಂತು, ಕೊನೆಗೆ ಗಂಡನ ಉಸಿರೂ ನಿಂತ ಮೇಲೆ ಲಿಂಗಮ್ಮ ದನ ಮೇಯಿಸಲು ಇಲ್ಲಿಗೆ ಬಂದವಳು. ಕೊಟ್ಟಿಗೆಗೆ ಅಂಟಿಕೊಂಡ ಶೀಟಿನ ಮನೆಯೂ ಯಜಮಾನರದೇ.

ಹಾಗಂತ ಲಸಿಕೆ ಬಂದಿರಲಿಲ್ಲ ಅಂತಲ್ಲ. ಮೂರು ತಿಂಗಳ ಹಿಂದೆ ಜ್ಞಾನೇಶ್ ಎಂಬ ಪಶು ಇಲಾಖೆಯ ಗುತ್ತಿಗೆಯ ಹುಡುಗ ಐಸ್ ಡಬ್ಬಿ ಹೊತ್ತು ಬಂದಿದ್ದ. ಲಸಿಕೆಯಾದ ದನದ ಕಿವಿಗೆ ಹಳದಿ ಓಲೆ ಚುಚ್ಚಬೇಕು, ಓಲೆಯ ನಂಬರನ್ನು ಫೋನಿಗೆ ಏರಿಸಬೇಕು. ಆಗ ದನದವರ ಫೋನಿಗೆ ಬರುವ ಓಟಿಪಿ ಹೇಳಿದರೆ ಲಸಿಕೆ ಆಯಿತೆಂದು ದಾಖಲೆ.

"ಸೂಜಿ ಹಾಕಿದ್ರೆ ಮೂರು ದಿನ ಹಾಲು ಇಳಿಯುತ್ತೆ ಮಾರಾಯ" ಎಂದಿದ್ದರು ಷಡಕ್ಷರಪ್ಪ. "ಓಲೆ ಚುಚ್ಚು, ಸಾಕು. ಓಟಿಪಿಗೆ ನನ್ನ ನಂಬರ್ ಬೇಡ, ಟಣ್ ಟಣ್ ಅಂತ ತಲೆ ತಿನ್ನುತ್ತೆ. ಲಿಂಗಮ್ಮಂದು ಹಾಕು."

ಲಿಂಗಮ್ಮನಿಗೆ ಅಕ್ಷರ ಬಾರದು, ಆದರೆ ಅಂಕಿ ಬರುತ್ತದೆ. ಫೋನು ಟಣ್ ಎಂದಾಗಲೆಲ್ಲ ಕಟ್ಟೆಯ ಮೇಲೆ ಕೂತು ಒಂದೊಂದೇ ಅಂಕಿ ಓದಿ ಹೇಳಿದಳು. ಒಂದೂ ತಪ್ಪಲಿಲ್ಲ. "ಚೆನ್ನಾಗಿ ಓದ್ತೀಯಲ್ಲಮ್ಮ" ಎಂದು ಜ್ಞಾನೇಶ್ ಹೊಗಳಿದಾಗ ಅವಳಿಗೆ ಜಂಬವೂ ಬಂದಿತ್ತು, ಪಾಪ. ಕೊನೆಯಲ್ಲಿ ಹಟ ಹಿಡಿದು ಗೌರಿಗೆ ಮಾತ್ರ ಓಲೆಯ ಜೊತೆ ಸೂಜಿಯನ್ನೂ ಹಾಕಿಸಿದಳು.

ಹದಿನೈದು ದಿನದ ಹಿಂದೆ ಎರಡು ದನ ಜೊಲ್ಲು ಸುರಿಸತೊಡಗಿದಾಗ ಅವಳು ಹೇಳಿದ್ದಳು: "ಬ್ಯಾಡ ಯಜಮಾನ್ರೆ, ಕಟ್ಟಿ ಹಾಕೋಣ. ಕಾಡುಪ್ರಾಣಿ ಕುಡಿಯೋ ನೀರನ್ನೇ ಇವೂ ಕುಡೀತಾವೆ."

"ಕಟ್ಟಿ ಹಾಕಿದ್ರೆ ಮೇವು ನಿಮ್ಮಪ್ಪ ತರ್ತಾನಾ? ಹೊಡ್ಕೊಂಡು ಹೋಗು."

ಹೊಡೆದುಕೊಂಡು ಹೋದಳು. ಹತ್ತು ದಿನಕ್ಕೆ ಕೆರೆಯ ದಂಡೆಯಲ್ಲಿ ಎರಡು ಕಾಡುಕೋಣಗಳು ಬಾಯಲ್ಲಿ ನೊರೆ ಕಟ್ಟಿಕೊಂಡು ಸತ್ತು ಬಿದ್ದಿದ್ದವು.

ಶುಕ್ರವಾರ ತನಿಖೆಗೆ ಪಶು ಇಲಾಖೆಯ ಸಾಹೇಬರು ಬಂದರು. ಹೆಸರು ವಿಷ್ಣುಪ್ರಸಾದ. ಕಾಫಿ ಕುಡಿದು, ಫೈಲು ತೆರೆದರು.

"ದಾಖಲೆಯಲ್ಲಿ ಎಲ್ಲಾ ದನಕ್ಕೂ ಲಸಿಕೆ ಆಗಿದೆ. ಆಗಿದೆ ಅಂತ ಓಟಿಪಿ ಕೊಟ್ಟೋಳು ನೀನೇ."

"ಹಾಕ್ಲೇ ಇಲ್ಲ ಸಾರ್."

"ಹಾಗಾದ್ರೆ ಸರ್ಕಾರಕ್ಕೆ ಸುಳ್ಳು ಹೇಳಿದೀಯ."

"ಅಯ್ಯೋ, ನಾನು ನಂಬರ್ ಓದಿದ್ದು ಅಷ್ಟೇ."

"ಹಾಕಿದ್ದು ನಿಜ ಅಂದ್ರೆ, ಎಲ್ಲಿಂದಲೋ ರೋಗ ಅಂಟಿಸ್ಕೊಂಡು ಬಂದು ಕಾಡಿಗೆ ಹೊಡೆದೋಳೂ ನೀನೇ. ನಾಳೆ ಸಕ್ರೆಬೈಲಿನ ಬಿಡಾರದ ಆನೆಗಳಿಗೆ ಬಂದ್ರೆ ಯಾರು ಹೊಣೆ?"

ಅಡಕತ್ತರಿಗೆ ಸಿಕ್ಕ ಅಡಿಕೆಯಾದಳು ಲಿಂಗಮ್ಮ. ಹೂಂ ಅಂದರೂ ಅವಳದೇ ತಪ್ಪು, ಊಹೂಂ ಅಂದರೂ ಅವಳದೇ ತಪ್ಪು. ಮಾಲೀಕರಿಗೆ ತಿಳಿಯದಂತೆ ರೋಗದ ದನಗಳನ್ನು ಕಾಡಿಗೆ ಬಿಟ್ಟೆ ಎಂಬ ಕಾಗದ ಸಿದ್ಧವಾಗಿತ್ತು. ಸೋಮವಾರ ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ಕೇಸು. ಒತ್ತದಿದ್ದರೆ ಮನೆ ಖಾಲಿ ಮಾಡು ಎಂದು ಷಡಕ್ಷರಪ್ಪ ಅಂದೇ ಹೇಳಿಬಿಟ್ಟರು.

ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋದಳು. ಹಳೇನಗರದ ಜೆರಾಕ್ಸ್ ಅಂಗಡಿಯಲ್ಲಿ ಮಗಳು ಇಂಪನಾ ಕೆಲಸಕ್ಕಿದ್ದಾಳೆ. ತಾಯಿಯ ಅಳು ಕೇಳಿ ಮುಗಿಸಿ ಅವಳು ಫೋನು ಇಸಿದುಕೊಂಡಳು. ಮೆಸೇಜುಗಳನ್ನು ತಳ್ಳುತ್ತ ತಳ್ಳುತ್ತ ಮೂರು ತಿಂಗಳ ಹಿಂದಕ್ಕೆ ಹೋದಳು.

"ಅಮ್ಮ, ಗೌರಿ ಒಂದನ್ನ ಹಿಡಿದು ಸೂಜಿ ಹಾಕ್ಸೋಕೆ ಎಷ್ಟೊತ್ತು ಬೇಕಾಯ್ತು?"

"ಕಾಲು ಗಂಟೆ ಆಯ್ತೇನೋ. ಒದೀತಲ್ಲ."

"ಇಲ್ಲಿ ನೋಡು. ಮೆಸೇಜಿನ ಕೆಳಗೆ ಸಣ್ಣ ಅಂಕಿ ಇದೆಯಲ್ಲ, ಅದು ಟೈಮು. ಯಜಮಾನ್ರ ಮೊದಲ್ನೇ ದನ ಹತ್ತೂ ಐದಕ್ಕೆ. ಕೊನೇದು ಹತ್ತೂ ಮೂವತ್ತಾರಕ್ಕೆ. ಅರ್ಧ ಗಂಟೇಲಿ ನಲವತ್ತೆರಡು ದನಕ್ಕೆ ಯಾರಮ್ಮ ಸೂಜಿ ಹಾಕ್ತಾರೆ?"

ಲಿಂಗಮ್ಮ ಆ ಸಣ್ಣ ಅಂಕಿಗಳನ್ನು ನೋಡಿಯೇ ನೋಡಿದಳು. ಇಷ್ಟು ದಿನ ಅವು ಅವಳ ಸೊಂಟದಲ್ಲೇ ಇದ್ದವು.

ಸೋಮವಾರ ಕೊಟ್ಟಿಗೆಯ ಮುಂದೆ ಸುತ್ತಲಿನ ದನ ಕಾಯುವವರು, ಹಾಲು ಕರೆಯುವವರು ಹತ್ತಿಪ್ಪತ್ತು ಜನ ಸೇರಿದ್ದರು. ಅವರನ್ನು ಲಿಂಗಮ್ಮನೇ ಬೆಳಿಗ್ಗೆ ಮನೆ ಮನೆಗೆ ಹೋಗಿ ಕರೆದಿದ್ದಳು. ಶಾಯಿಯ ಪ್ಯಾಡು ಹಿಡಿದು ನಿಂತವನು ಜ್ಞಾನೇಶ್. ಅವನು ಅವಳ ಮುಖ ನೋಡಲಿಲ್ಲ.

"ಒತ್ತಲ್ಲ ಸಾರ್. ಎಲ್ಲಾ ನನ್ನ ಫೋನಲ್ಲೇ ಇದೆ, ಟೈಮು ಸಮೇತ" ಎಂದಳು.

ಷಡಕ್ಷರಪ್ಪನವರ ದನಿ ತಟ್ಟನೆ ಬೆಣ್ಣೆಯಾಯಿತು. "ಆ ಹಳೇ ಫೋನ್ ಇಲ್ಲಿ ಕೊಡು ಮಾರಾಯ್ತಿ, ಹೊಸದು ಕೊಡಿಸ್ತೀನಿ."

"ಬ್ಯಾಡ ಯಜಮಾನ್ರೆ."

ಸಾಹೇಬರು ಕೈ ಚಾಚಿದರು. "ಪರಿಶೀಲನೆಗೆ ಬೇಕಮ್ಮ, ಕೊಡು. ನಿನ್ನ ಹೆಬ್ಬೆಟ್ಟು ಇಲ್ಲದಿದ್ರೂ ಕೇಸ್ ಹಾಕೋಕೆ ಬರುತ್ತೆ ನಮಗೆ."

ಬರುತ್ತದೆ ಎಂದು ಅವಳಿಗೂ ಗೊತ್ತಿತ್ತು. ಮನೆಯ ಪಾತ್ರೆ ಪಡಗ ಆಗಲೇ ಗೋಣಿಚೀಲ ಸೇರಿ ಗೌರಿಯ ಪಕ್ಕದಲ್ಲಿ ಕೂತಿದ್ದವು. ಎಲ್ಲಿಗೆ ಹೋಗುವುದು ಎಂಬುದೊಂದು ಗೊತ್ತಿರಲಿಲ್ಲ. ಆದರೂ ಫೋನನ್ನು ಎದೆಯ ಮಟ್ಟಕ್ಕೆ ಹಿಡಿದಳು.

"ಅವತ್ತು ನಂಬರ್ ಓದು ಅಂದ್ರಿ, ಓದ್ದೆ. ಇವತ್ತೂ ಓದ್ತೀನಿ. ಬರ್ಕೊಳ್ಳಿ."

ಎಲ್ಲರಿಗೂ ಕೇಳುವಂತೆ ಶುರು ಮಾಡಿದಳು. "ಒಂದ್ನೇ ದನ, ಹತ್ತೂ ಐದು. ಸೂಜಿ ಹಾಕಿಲ್ಲ. ಎರಡ್ನೇ ದನ, ಹತ್ತೂ ಐದು. ಸೂಜಿ ಹಾಕಿಲ್ಲ. ಮೂರ್ನೇ ದನ, ಹತ್ತೂ ಆರು..."

"ಸೂಜಿ ಹಾಕಿಲ್ಲ" ಎಂದು ಹಿಂದಿನಿಂದ ಯಾರೋ ದನಿಗೂಡಿಸಿದರು. ನಾಲ್ಕನೆಯದಕ್ಕೆ ಇನ್ನೂ ನಾಲ್ಕು ದನಿ ಸೇರಿತು.

ಸಾಹೇಬರು ಪೆನ್ನಿನ ಕ್ಯಾಪು ಹಾಕಿ ಜೇಬಿಗಿಟ್ಟುಕೊಂಡರು. ಲಿಂಗಮ್ಮ ನಿಲ್ಲಿಸಲಿಲ್ಲ. ಇನ್ನೂ ಮೂವತ್ತೆಂಟು ಬಾಕಿ ಇದ್ದವು.